ಗೋಡೆಯ ಮೇಲಿನ ಬಿಲ್ಲು

ಈ ವರ್ಷ ಮಹಾನವಮಿಗೆ ಸರಿಯಾಗಿ ಆ ಬಿಸಿಗಾಳಿ ಮತ್ತೆ ಬಂತು. ಸ್ಯಾನ್ ಡಿಯೇಗೊ ಕಡೆ ಇರುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಳುಗಾಡಿನಿಂದ ಬೆಟ್ಟ ಇಳಿದು ಬರುತ್ತದೆ, ತುಟಿ ಒಡೆಯುತ್ತದೆ, ಬಾಗಿಲ ಹಿಡಿಕೆ ಮುಟ್ಟಿದರೆ ಚುರ್ ಎನ್ನುತ್ತದೆ. ಗ್ಯಾರೇಜಿನಲ್ಲಿ ಆಯುಧಪೂಜೆಗೆ ಜಾಗ ಒರೆಸುತ್ತಿದ್ದೆ. ಹೊರಗಿನ ಒಣಗಿದ ಗುಡ್ಡದ ಗಿಡಗಳ ವಾಸನೆ, ಒಳಗೆ ದೀಪಕ್ಕೆ ತೆಗೆದಿಟ್ಟ ಎಣ್ಣೆಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತಿತು. ಎಷ್ಟು ವರ್ಷ ಕಳೆದರೂ ನನ್ನ ಪಾಲಿಗೆ ಅದು ಎಪ್ಪತ್ತೆಂಟನೇ ಇಸವಿಯ ವಾಸನೆಯೇ.

ಆಗ ನಾವು ರಾಂಚೊ ಬರ್ನಾರ್ಡೊಗೆ ಬಂದು ಬಹಳ ದಿನ ಆಗಿರಲಿಲ್ಲ. ನಮ್ಮವರು ಪೊಮೊನಾದಲ್ಲಿ ಓದು ಮುಗಿಸಿ ಇಲ್ಲೊಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಹೆಸರು ಹಣಮಂತ, ಆಫೀಸಿನವರ ಬಾಯಲ್ಲಿ ಹ್ಯಾನ್. ಮಗಳು ಸುಮಾ ಇನ್ನೂ ಸಣ್ಣವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಆ ಬೇಸಿಗೆಗೆ ಮಾವನವರು ಸುರಪುರದ ಕಡೆಯ ನಮ್ಮ ಊರಿಂದ ಬಂದರು. ಎತ್ತರದ ಆಳು, ಬಿಳಿ ಮೀಸೆ. ಸೂಪರ್‌ಮಾರ್ಕೆಟ್ಟಿಗೆ ಹಾಲು ತರಲು ಹೋದರೂ ತಲೆಗೆ ರುಮಾಲು ಸುತ್ತದೆ ಹೊರಡುತ್ತಿರಲಿಲ್ಲ.

ಅವರದು ಬೇಟೆಗಾರರ ಮನೆತನ. ಊರ ಮನೆಯ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲ ಮೇಲೆ ಒಂದು ಬಿಲ್ಲು ತೂಗುಹಾಕಿದ್ದರು. ನಾನು ಮದುವೆಯಾಗಿ ಹೊಸ್ತಿಲು ದಾಟಿದ ದಿನ ಮೊದಲು ಕೈಮುಗಿಸಿದ್ದೇ ಅದಕ್ಕೆ. ನನ್ನ ಮುಂಗೈಯಷ್ಟು ದಪ್ಪ, ಎಣ್ಣೆ ಕುಡಿದು ಕಪ್ಪಾದದ್ದು. ಮುತ್ತಜ್ಜನ ಬಿಲ್ಲು ಎನ್ನುತ್ತಿದ್ದರು. ಅದನ್ನು ಎಳೆದವನೇ ಈ ಮನೆಯ ಗಂಡಸು ಎಂದು ಮಕ್ಕಳಿಗೆ ಹೇಳಿ ಬೆಳೆಸಿದ್ದರು. ನಮ್ಮವರು ಹುಡುಗನಾಗಿದ್ದಾಗ ಯಾರೂ ಇಲ್ಲದ ಹೊತ್ತಿನಲ್ಲಿ ಏಣಿ ಹಾಕಿ ಅದನ್ನು ಇಳಿಸಿ ಎಳೆದು ನೋಡಿದ್ದರಂತೆ. ಹೆದೆ ಅಲ್ಲಾಡಲೂ ಇಲ್ಲ. ಅದನ್ನು ನನಗೆ ಹೇಳಿದಾಗ ಅವರು ನಗಲಿಲ್ಲ.

ಇಲ್ಲಿಗೆ ಬಂದ ಮೇಲೆ ಡೇಲ್ ಸಿಕ್ಕಿದ. ಅದೇ ಆಫೀಸಿನವನು, ಹುಡುಗನಾಗಿದ್ದಾಗಿನಿಂದ ಬಿಲ್ಲು ಹಿಡಿದು ಜಿಂಕೆ ಬೇಟೆ ಆಡುವವನು. ಆಗಷ್ಟೇ ಗಾಲಿ ಕೂರಿಸಿದ ಹೊಸ ಬಿಲ್ಲುಗಳು ಅಂಗಡಿಗೆ ಬಂದಿದ್ದವು. ಅವುಗಳನ್ನು ಪೂರ್ತಿ ಎಳೆದು ಹಿಡಿದಾಗ ಭಾರದಲ್ಲಿ ಅರ್ಧದಷ್ಟನ್ನು ಗಾಲಿಯೇ ಹೊರುತ್ತದೆ. ಡೇಲ್ ತೋರಿಸಿದರೆ ನಮ್ಮವರು, "ಇದು ಬಿಲ್ಲಲ್ಲ, ಬಾವಿಯ ರಾಟೆ" ಎಂದರು. ಅವರಿಗೆ ಹಳೆಯ ಥರದ್ದೇ ಬೇಕು. ಹಳೆಯ ಥರದ ಬಿಲ್ಲಿನ ಮೇಲೆ ಒಂದು ಅಂಕಿ ಬರೆದಿರುತ್ತದೆ. ಹೆದೆಯನ್ನು ದವಡೆಯ ತನಕ ಎಳೆದಾಗ ಬೆರಳ ಮೇಲೆ ಎಷ್ಟು ಪೌಂಡು ಭಾರ ಬೀಳುತ್ತದೆ ಎನ್ನುವ ಲೆಕ್ಕ ಅದು. ಬಾಣ ಬಿಡುವ ತನಕ ಆ ಭಾರ ಒಂದು ಚೂರೂ ಕಡಿಮೆ ಆಗುವುದಿಲ್ಲ.

ಡೇಲ್ ತನ್ನದೊಂದು ನಲವತ್ತೈದರ ಬಿಲ್ಲು ಕೊಟ್ಟಿದ್ದ. ಆ ವಸಂತವೆಲ್ಲ ನಮ್ಮ ಹಿತ್ತಲಲ್ಲಿ ಹುಲ್ಲಿನ ಪೆಂಡಿ ಇಟ್ಟು ಕಲಿಸಿದ. ಅವನ ಪರೀಕ್ಷೆಗಳು ನನಗೆ ಬಾಯಿಪಾಠ. ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರವಾಗಿ ಎಳೆಯಬೇಕು. ಎಳೆದು, ಒಂದು ಉಸಿರು ಪೂರ್ತಿ ಹಿಡಿದು, ಬಾಣ ಬಿಡದೆಯೇ ಹಾಗೇ ನಿಧಾನ ವಾಪಸ್ ಇಳಿಸಬೇಕು. ಅಡುಗೆಮನೆಯ ಕುರ್ಚಿಯಲ್ಲಿ ಕೂತೂ ಅದನ್ನೇ ಮಾಡಬೇಕು. ಯಾಕೆಂದರೆ ಬೇಟೆಯಲ್ಲಿ ಗಂಟೆಗಟ್ಟಲೆ ಮುದುಡಿ ಕೂತು ಮೈ ಮರಗಟ್ಟಿದ ಮೇಲೆಯೇ ಜಿಂಕೆ ಬರುತ್ತದೆ. ಅಂಗಡಿಯಲ್ಲಿ ಒಂದು ಸಲ ಎಳೆದೆ ಎನ್ನುವುದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದ. ನಲವತ್ತೈದರಲ್ಲಿ ನಮ್ಮವರು ಎಲ್ಲದರಲ್ಲೂ ಪಾಸು. ಬಾಣ ಕಣ್ಣು ನೆಟ್ಟಲ್ಲಿಗೆ ಹೋಗುತ್ತಿತ್ತು, ನೋಡಲು ಚೆಂದ ಇತ್ತು. ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಗಣೇಶ ಚೌತಿಗೆ ಸೆರಿಟೋಸ್‌ನಲ್ಲಿ ಮೈಸೂರಿನ ಡಾಕ್ಟರೊಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದೆವು. ಊಟ ಆದ ಮೇಲೆ ಮಾವನವರು ಸೋಫಾದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಗೋಡೆಯ ಬಿಲ್ಲಿನ ಕಥೆ ತೆಗೆದರು. "ಹೆದಿ ಏರಸ್ಬೇಕಂದ್ರ ಇಬ್ಬರು ಗಂಡಸ್ರು ಬೇಕು ನೋಡ್ರಿ," ಎಂದರು. ಎಲ್ಲರೂ ಬಾಯಿಬಿಟ್ಟು ಕೇಳಿದರು. ಡಾಕ್ಟರು, "ಅಂಕಲ್, ಅದನ್ನ ನೀವು ಎಳ್ದಿದ್ದೀರಾ?" ಎಂದರು.

ಮಾವನವರು ಮೀಸೆಯ ಮೇಲೆ ಕೈ ಆಡಿಸಿ ನಕ್ಕರು. "ಬ್ಯಾಟಿಗಾರನ ಮಗಗ ಬಿಲ್ಲು ಎಳದಿಯೇನು ಅಂತ ಕೇಳತಾರೇನ್ರಿ?"

ಡಾಕ್ಟರು ನಮ್ಮವರ ಕಡೆ ತಿರುಗಿದರು. "ನೀವೆಷ್ಟು ಎಳೀತೀರಿ ಸಾರ್?"

"ನಲವತ್ತೈದು."

"ಅಯ್ಯೋ, ನಮ್ಮ ಪುಟ್ಟಿ ತೂಕಾನೇ ಐವತ್ತು ಪೌಂಡ್ ಇದೆಯಲ್ಲ ಸಾರ್," ಎಂದರು ಡಾಕ್ಟರ ಹೆಂಡತಿ. ಏನೂ ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ತಮಾಷೆಗೆ. ಮನೆ ತುಂಬ ನಗು. ಮಾವನವರೂ ನಕ್ಕರು. ನಮ್ಮವರು ಮಾತ್ರ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಇದು ಇಲ್ಲಿಗೆ ನಿಲ್ಲುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ದಾರಿ ತಪ್ಪಿದರೂ ಮುಂದಿನ ಎಕ್ಸಿಟ್‌ನಲ್ಲಿ ತಿರುಗಿಸದೆ ಮೆಕ್ಸಿಕೊ ಗಡಿಯ ತನಕ ಓಡಿಸುವ ಪೈಕಿ ನಮ್ಮವರು.

ಸ್ವಲ್ಪ ದಿನಕ್ಕೆ ಉದ್ದನೆಯ ಡಬ್ಬಿಯಲ್ಲಿ ಹೊಸ ಬಿಲ್ಲು ಬಂತು. ಎಪ್ಪತ್ತರದು. ಮಾವನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. "ಈಗ ನಮ್ಮ ಮನಿ ಬಿಲ್ಲು ಅನಸ್ತದ," ಎಂದರು. ನಮ್ಮವರ ಮುಖ ಅರಳಿತು. ಡೇಲ್ ಅಂಕಿ ನೋಡಿದವನೇ ನನ್ನ ಮುಖ ನೋಡಿದ.

ಅದನ್ನು ಎಳೆಯಬೇಕಾದರೆ ಅವರು ಬಿಲ್ಲನ್ನು ಆಕಾಶಕ್ಕೆ ಎತ್ತಿ, ಮೈಯೆಲ್ಲ ಹಿಂದಕ್ಕೆ ಬಾಗಿಸಿ, ಮೇಲಿಂದ ಕೆಳಕ್ಕೆ ಜಗ್ಗಬೇಕಾಗಿತ್ತು. ಹೆದೆ ದವಡೆಯ ಹತ್ತಿರ ಬರುವುದರೊಳಗೆ ಮೊಣಕೈ ನಡುಗುತ್ತಿತ್ತು. ಹಿಡಿಯುವ ಮಾತು ಇರಲಿ, ದವಡೆ ಮುಟ್ಟುವ ಮೊದಲೇ ಬೆರಳಿಂದ ಬಾಣ ಜಾರಿ ಹೋಗುತ್ತಿತ್ತು. ಮೊದಲನೇ ದಿನವೇ ಒಂದು ಬಾಣ ಹುಲ್ಲಿನ ಪೆಂಡಿ ಬಿಟ್ಟು ಪಕ್ಕದ ಮನೆಯ ಬೇಲಿಯಲ್ಲಿ ನೆಟ್ಟಿತು. "ನಾ ಬಿಡಲಿಲ್ಲ, ಅದೇ ಹೋತು," ಎಂದರು ನಮ್ಮವರು. ಅವತ್ತಿನಿಂದ ಸುಮಾಳನ್ನು ಹಿತ್ತಲಿಗೆ ಬಿಡಲಿಲ್ಲ. ಅವಳು ಕಿಟಕಿಯ ಹಿಂದೆ ನಿಂತು, "ಡ್ಯಾಡ್, ಯುವರ್ ಆರ್ಮ್ ಈಸ್ ಶೇಕಿಂಗ್" ಎಂದು ಕೂಗುತ್ತಿದ್ದಳು. ಅವರು ಕೇಳಿಸದವರ ಹಾಗೆ ಮತ್ತೊಂದು ಬಾಣ ಹೂಡುತ್ತಿದ್ದರು.

ಡೇಲ್ ಗೊಣಗುವವನಲ್ಲ, ಆದರೂ ಒಂದು ಸಂಜೆ ನೇರವಾಗಿ ಹೇಳಿದ. "ಹ್ಯಾನ್, ನೀನು ಬಿಟ್ಟಾಗ ಬಾಣ ಹೋಗಬೇಕು. ಇದು ತನಗೆ ಬೇಕಾದಾಗ ಹೋಗ್ತಿದೆ. ಹಳೆಯದನ್ನೇ ಹಿಡಿ, ಜಿಂಕೆಗೆ ಅದು ಬೇಕಾದಷ್ಟಾಯಿತು. ಮುಂದಿನ ವರ್ಷ ಐವತ್ತು ನೋಡೋಣ."

"ರೂಢಿ ಆಗ್ತದೆ," ಎಂದರು ನಮ್ಮವರು.

ರೂಢಿ ಆಗಲಿಲ್ಲ. ಬಲಭುಜ ಬಾತು ಕೂತಿತು. ಬೆಳಿಗ್ಗೆ ತಲೆ ಬಾಚಲು ಕೈ ಎತ್ತಲಾಗದೆ ಎಡಗೈಯಲ್ಲಿ ಬಾಚುತ್ತಿದ್ದರು. ನಾನು ಬಿಸಿ ಎಣ್ಣೆ ತಿಕ್ಕುವಾಗ ಹಲ್ಲು ಕಚ್ಚುತ್ತಿದ್ದರು. "ಯಾರಿಗೆ ತೋರಸ್ಬೇಕಾಗ್ಯಾದ ರೀ ನಿಮಗ?" ಎಂದು ಕೇಳಿದೆ. ಪಕ್ಕದ ಕೋಣೆಯಲ್ಲಿ ಮಾವನವರು ಕೆಮ್ಮಿದರು. ನಮ್ಮವರು ಆ ಗೋಡೆಯ ಕಡೆ ನೋಡಿ ಅಂಗಿ ಹಾಕಿಕೊಂಡರು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಅಪ್ಪನ ಎದುರು ಒಂದೇ ಒಂದು ಸಲ ಗಂಡಸಾಗಿ ನಿಲ್ಲಬೇಕು ಎನ್ನುವವನಿಗೆ ಹೆಂಡತಿ ಏನಂತ ಬುದ್ಧಿ ಹೇಳುವುದು?

ನವರಾತ್ರಿ ಬಂತು, ಅದರ ಹಿಂದೆಯೇ ಬಿಸಿಗಾಳಿ ಬಂತು. ಪೂರ್ವದ ಬೆಟ್ಟಗಳ ಮೇಲೆ ಎಲ್ಲೋ ಬೆಂಕಿ ಬಿದ್ದು ಸೂರ್ಯ ಕಂಚಿನ ಬಣ್ಣಕ್ಕೆ ತಿರುಗಿದ್ದ. ಕಾರಿನ ಮೇಲೆ ಬೂದಿ ಉದುರುತ್ತಿತ್ತು. ಮಾವನವರು ಊರಿನ ಪದ್ಧತಿ ತಂದರು. ಸಪ್ತಮಿಯ ದಿನ ಆಯುಧ ದೇವಿಯ ಮುಂದೆ ಇಟ್ಟರೆ ದಶಮಿ ತನಕ ಯಾರೂ ಮುಟ್ಟುವಂತಿಲ್ಲ. ದಶಮಿಯ ಬೆಳಿಗ್ಗೆ ಎತ್ತಿಕೊಂಡು ಊರ ಗಡಿ ದಾಟಬೇಕು. ಅದಕ್ಕೆ ಸೀಮೋಲ್ಲಂಘನ ಎನ್ನುತ್ತಾರೆ. ಪೂಜೆಗೊಂಡ ಆಯುಧವನ್ನು ಬಿಟ್ಟು ಬೇರೆಯದನ್ನು ಅವತ್ತು ಹಿಡಿಯುವಂತಿಲ್ಲ. ಸರ್ಕಾರ ಬಿಲ್ಲಿನ ಬೇಟೆಗೆ ಬಿಟ್ಟ ದಿನಗಳು ಆ ವರ್ಷ ದಸರೆಗೇ ಸರಿಯಾಗಿ ಕೂಡಿ ಬಂದಿದ್ದವು. "ದಶಮಿ ದಿನಾನೇ ಹೊಂಡೋಣ," ಎಂದು ಅಪ್ಪ ಮಗ ಮಾತಾಡಿಕೊಂಡರು.

ಕೂಡಲೇ ನನಗೊಂದು ಉಪಾಯ ಹೊಳೆಯಿತು. ಸಪ್ತಮಿಯ ದಿನ ಗ್ಯಾರೇಜಿನಲ್ಲಿ ಮಣೆ ಇಟ್ಟು, ಎಪ್ಪತ್ತರ ಬಿಲ್ಲಿನ ಪಕ್ಕ ಡೇಲನ ನಲವತ್ತೈದರದನ್ನೂ ಇಟ್ಟು, ಎರಡಕ್ಕೂ ಕುಂಕುಮ ಹಚ್ಚಿದೆ. ಪೂಜೆ ಆದ ಆಯುಧ ಎರಡಿದ್ದರೆ, ದಶಮಿಯ ದಿನ ನೋಯುವ ಭುಜ ಹಗುರದ್ದನ್ನೇ ಎತ್ತೀತು ಎಂಬ ಆಸೆ ನನ್ನದು. ನಮ್ಮವರು ಬಂದು ನೋಡಿದರು. ಹಗುರದ್ದನ್ನು ಎತ್ತಿ, ಅಂಗಿಯ ತುದಿಯಿಂದ ಕುಂಕುಮ ಒರೆಸಿ, ಮೂಲೆಯಲ್ಲಿ ಪೊರಕೆಯ ಪಕ್ಕಕ್ಕೆ ನಿಲ್ಲಿಸಿದರು.

"ಒಂದ ಸಾಕು," ಎಂದರು.

"ಇರ್ಲಿ ಬಿಡ್ರಿ, ಅದೂ ಆಯುಧ ಅಲ್ಲೇನು?"

"ಮಂದಿ ಕೊಟ್ಟ ಬಿಲ್ಲಿಗೆ ನಮ್ಮ ಮನೀಯಾಗ ಪೂಜಿ ಮಾಡೂದಿಲ್ಲ."

ಮಾವನವರ ಕಡೆ ನೋಡಿದೆ. ಅವರು ದೀಪದ ಬತ್ತಿ ಸರಿಮಾಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದವರು ಮತ್ತೆ ಬತ್ತಿಯ ಕಡೆಗೇ ಬಗ್ಗಿದರು. ಅದೇನಿತ್ತು ಅವರ ಬಾಯಲ್ಲಿ ಎಂದು ಅವತ್ತೇ ಕೇಳಬೇಕೆನಿಸಿತ್ತು, ಸೊಸೆಯಾಗಿ ಕೇಳಲಾಗಲಿಲ್ಲ.

ದಶಮಿಯ ತನಕ ಬಿಲ್ಲು ಮುಟ್ಟಲಿಲ್ಲ. ಭುಜದ ಬಾವು ಇಳಿಯಿತು, ಆದರೆ ಒಳಗೆ ಬಿಗಿದುಕೊಂಡಿತು. ದಶಮಿಯ ಬೆಳಿಗ್ಗೆ ಸುಮಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಪಾಲೊಮಾರ್ ಬೆಟ್ಟದ ಕೆಳಗಿನ ಕಾಡಿಗೆ ಹೊರಟೆವು. ಮಾವನವರು ಬರಲೇಬೇಕು, ಅವರ ಮೊಣಕಾಲು ನೋವಿಗೆ ಜೊತೆಯಾಗಿ ನಾನು ಬರಲೇಬೇಕು. "ಇಷ್ಟು ಜನ ಬಂದರೆ ಜಿಂಕೆಯಲ್ಲ, ಇರುವೆಯೂ ಬರಲ್ಲ," ಎಂದು ಡೇಲ್ ತಲೆ ಚಚ್ಚಿಕೊಂಡ. ಒಣಗಿದ ಹಳ್ಳದ ದಂಡೆಯಲ್ಲಿ ನಮ್ಮವರನ್ನು ಒಂದು ಓಕ್ ಮರದ ಬಾಗಿದ ಕೊಂಬೆಯ ಕೆಳಗೆ ಕೂರಿಸಿದ. ಅವರ ಬೆನ್ನ ಹಿಂದೆ, ಸ್ವಲ್ಪ ಮೇಲೆ, ಇನ್ನೊಂದು ಮರದ ಬುಡಕ್ಕೆ ನನ್ನನ್ನೂ ಮಾವನವರನ್ನೂ ಕೂರಿಸಿದ. ಜಿಂಕೆ ಹಳ್ಳದ ಆಚೆಯಿಂದ ಬರುತ್ತದೆ, ನೀವು ಬಾಣದ ದಾರಿಯಲ್ಲಿ ಇಲ್ಲ ಎಂದು ಎರಡು ಸಲ ಹೇಳಿದ. ತಾನು ಹಳ್ಳದ ಕೆಳಗಿನ ತಿರುವಿಗೆ ಹೋದ.

ಕೂತೆವು. ಗಾಳಿ ಎಲೆಗಳನ್ನು ಪರಪರ ಎನ್ನಿಸುತ್ತಿತ್ತು. ಹಕ್ಕಿಯ ದನಿ ಒಂದೂ ಇರಲಿಲ್ಲ. ಬಾಯಿ ಒಣಗಿದರೂ ಫ್ಲಾಸ್ಕ್ ತೆರೆಯುವಂತಿಲ್ಲ. ನಮ್ಮವರು ಮಂಡಿ ಮಡಚಿ ಕಲ್ಲಿನ ಹಾಗೆ ಕೂತಿದ್ದರು. ನಡುನಡುವೆ ಎಡಗೈಯಿಂದ ಬಲಭುಜ ಅಮುಕಿಕೊಳ್ಳುವುದು ನನಗೆ ಕಾಣುತ್ತಿತ್ತು. ಇವತ್ತು ಏನೂ ಬಾರದಿರಲಪ್ಪ, ಬರಿಗೈಯಲ್ಲಿ ಮನೆಗೆ ಹೋಗೋಣ ಎಂದು ಊರ ದೇವರಿಗೆಲ್ಲ ಹರಕೆ ಹೊತ್ತೆ.

ಬಂತು. ಹಳ್ಳದ ಆಚೆಯಿಂದಲ್ಲ, ನಮ್ಮ ಬಲಗಡೆಯ ಇಳಿಜಾರಿನಿಂದ. ಕತ್ತೆಗೆ ಇರುವಂಥ ದೊಡ್ಡ ಕಿವಿ, ಕವಲು ಕೊಂಬು. ನಮ್ಮವರಿಗೂ ನಮಗೂ ನಡುವಿನ ಬಯಲಿಗೆ ಒಂದೊಂದೇ ಹೆಜ್ಜೆ ಇಡುತ್ತ ಇಳಿಯಿತು. ಹಳೆಯ ಬೇಟೆಗಾರನ ಮೈ ತಡೆಯಬೇಕಲ್ಲ, ಮಾವನವರು ಮರ ಹಿಡಿದು ಅರ್ಧ ಎದ್ದರು. ನಮ್ಮವರು ಮಂಡಿಯ ಮೇಲೇ ತಿರುಗಿದರು. ಬಿಲ್ಲನ್ನು ಆಕಾಶಕ್ಕೆ ಎತ್ತಲು ಹೋದರು. ಮೇಲಿನ ಕೊಂಬೆ ಅಡ್ಡ ಬಂತು. ಎತ್ತದೆ ನೇರವಾಗಿ ಎಳೆಯಬೇಕಾಯಿತು.

ಹೆದೆ ಅರ್ಧ ಬಂತು. ಮೊಣಕೈ ನಡುಗಿತು. ಬಾಣದ ಮೊನೆ ಜಿಂಕೆಯ ಮೇಲಿದ್ದದ್ದು ಮರದ ಮೇಲೆ ಬಂತು, ಮರದಿಂದ ನನ್ನ ಮೇಲೆ. ನಾನು ಅದನ್ನು ಕಣ್ಣಾರೆ ನೋಡಿದೆ. ಅವರ ಭುಜದಲ್ಲಿ ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು.

ಜಿಂಕೆ ಇರಲಿಲ್ಲ. ಮಾವನವರು ನಿಧಾನವಾಗಿ ಮರಕ್ಕೆ ಒರಗಿ ಕೂತರು. "ಏನಾಗಿಲ್ಲ, ಏನಾಗಿಲ್ಲ," ಎಂದರು. ಬಾಣ ಅವರ ತೊಡೆಯಲ್ಲಿ ನಿಂತಿತ್ತು, ಬಿಳಿ ಧೋತರ ನೋಡನೋಡುತ್ತ ಕೆಂಪಾಯಿತು.

ನಮ್ಮವರು ಓಡಿ ಬಂದರು. ಬಲಗೈ ಯಾರದೋ ಕೈಯ ಹಾಗೆ ಜೋತುಬಿದ್ದಿತ್ತು. "ನಾ ಬಿಡಲಿಲ್ಲ, ಅಪ್ಪಾ. ನಾ ಬಿಡಲಿಲ್ಲ," ಎಂದು ಅದನ್ನೇ ಹೇಳುತ್ತಿದ್ದರು. ಡೇಲ್ ಬಂದು ಬಾಣ ಯಾರೂ ಕೀಳಬಾರದು ಎಂದ. ಮಾವನವರ ರುಮಾಲು ಬಿಚ್ಚಿ ಗಾಯದ ಸುತ್ತ ಒತ್ತಿ ಕಟ್ಟಿದೆವು. ಜೀವಮಾನದಲ್ಲಿ ಬರಿದಲೆಯಲ್ಲಿ ನೋಡಿರದ ಮಾವನವರ ತಲೆ ನನ್ನ ತೊಡೆಯ ಮೇಲಿತ್ತು. ಡೇಲ್ ಕಾರನ್ನು ಬೆಟ್ಟದ ತಿರುವುಗಳಲ್ಲಿ ಇಳಿಸುತ್ತಿದ್ದ. ನಮ್ಮವರು ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಕೂತು ಎಡಗೈಯಿಂದ ಗಾಯ ಅಮುಕಿ ಹಿಡಿದಿದ್ದರು.

"ಹಣಮಂತಾ," ಎಂದರು ಮಾವನವರು.

"ಮಾತಾಡಬ್ಯಾಡ ಅಪ್ಪಾ."

"ಮಾತಾಡತೀನಿ. ಆ ಬಿಲ್ಲು ನಾ ಎಳದಿಲ್ಲೋ."

"ಯಾವ ಬಿಲ್ಲು?"

"ಗ್ವಾಡಿ ಮ್ಯಾಲಿಂದು. ನಾ ಎಳದಿಲ್ಲ. ನಮ್ಮಪ್ಪನೂ ಎಳದಿಲ್ಲ. ಯಾರೂ ಎಳದಿಲ್ಲ. ಅದು ಪೂಜಿ ಬಿಲ್ಲು. ದೇವ್ರ ಮುಂದ ಇಡಾಕಂತ ಅಷ್ಟು ದಪ್ಪ ಮಾಡಿಸಿದ್ದು."

ನಮ್ಮವರು ತಲೆಯೆತ್ತಿದರು. ಮಾವನವರಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ನಿಲ್ಲಿಸಲಿಲ್ಲ.

"ಬ್ಯಾಟಿ ಬಿಲ್ಲು ಬ್ಯಾರೆ ಇದ್ದವು. ಬಿದರಿನವು, ಹಗೂರ. ಹತ್ರ ಹೋಗಿ ಹೊಡ್ಯಾವಗ ದಪ್ಪ ಬಿಲ್ಲು ಯಾಕ ಬೇಕು? ಬಳಸಿ ಬಳಸಿ ಮುರದು ಹೋದವು, ಒಲಿಗೆ ಹಾಕಿದ್ವಿ. ಗ್ವಾಡಿ ಮ್ಯಾಲಿಂದು ಯಾರೂ ಮುಟ್ಟಲಿಲ್ಲ, ಅದಕ್ಕ ಉಳದದ. ನಿಮ್ಮವ್ವನೂ ಎಳೀತಿದ್ಲೋ ಬ್ಯಾಟಿ ಬಿಲ್ಲು, ಹೊಲಕ್ಕ ಹಂದಿ ಬಂದಾಗ."

"ಮತ್ತ ನನಗ್ಯಾಕ ಹೇಳಲಿಲ್ಲ?"

ಮಾವನವರು ಮಗನ ತಲೆಯ ಮೇಲೆ ಕೈ ಇಟ್ಟರು. "ನೀ ಎದಿ ಉಬ್ಬಿಸಿ ಎಳಿಯೂದು ನೋಡಾಕ ಛಲೋ ಅನಸ್ತು," ಎಂದರು.

ನಮ್ಮವರು ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೈ ಮಾತ್ರ ಗಾಯದ ಮೇಲಿಂದ ತೆಗೆಯಲಿಲ್ಲ.

ದೊಡ್ಡ ರಕ್ತನಾಳಕ್ಕೂ ಬಾಣದ ಅಲಗಿಗೂ ನಡುವೆ ಬೆರಳಗಲ ಜಾಗ ಇತ್ತು ಎಂದರು ಆಸ್ಪತ್ರೆಯ ಡಾಕ್ಟರು. ಆ ಬೆರಳಗಲದಲ್ಲಿ ನಮ್ಮ ಸಂಸಾರ ಉಳಿಯಿತು. ನಮ್ಮವರ ಭುಜಕ್ಕೆ ಆಪರೇಷನ್ ಆಯಿತು. ಚಳಿಗಾಲವೆಲ್ಲ ಅಪ್ಪ ಕೋಲು ಹಿಡಿದು, ಮಗ ಕೈ ಜೋಳಿಗೆಗೆ ಹಾಕಿಕೊಂಡು ನಮ್ಮ ಬೀದಿಯಲ್ಲಿ ಮೇಲೆ ಕೆಳಗೆ ನಡೆದರು. ಮಾವನವರ ಎಡಗಾಲು ಕೊನೆಯ ತನಕ ಎಳೆಯುತ್ತಲೇ ಇತ್ತು.

ಎಪ್ಪತ್ತರ ಬಿಲ್ಲನ್ನು ನೆನಪಿಗೆಂದು ಗೋಡೆಗೆ ಹಾಕುತ್ತೇನೆ ಎಂದರು ನಮ್ಮವರು. ಮಾವನವರು ಕೋಲು ಕುಟ್ಟಿದರು. "ಗ್ವಾಡಿಗೆ ಬ್ಯಾಡ. ನಾಳೆ ಮತ್ತ ಯಾರಾರ ನೋಡಿ ಹುಚ್ಚರಾಗತಾರ." ಡೇಲ್ ಗರಗಸ ತಂದ. ಮಾವನವರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತು, ಬಿಲ್ಲನ್ನು ತುಂಡು ಮಾಡಿಸಿ ಕಸಕ್ಕೆ ಹಾಕಿಸಿದರು.

ಊರಿಗೆ ಹೊರಡುವ ಮೊದಲು ಮಾವನವರು, ನಮ್ಮನ್ನೆಲ್ಲ ಬಿಲ್ಲಿನ ಅಂಗಡಿಗೆ ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿದರು. ಅಲ್ಲಿ ಸಾಲಾಗಿ ತೂಗುಹಾಕಿದ್ದ ಬಿಲ್ಲುಗಳಲ್ಲಿ ಒಂದೊಂದನ್ನೇ ತೆಗೆಸಿ ನನ್ನ ಕೈಗೆ ಕೊಟ್ಟರು. "ಎಳಿ ನೋಡವ್ವಾ. ನಿಮ್ಮತ್ತಿ ಎಳದಂಗ." ನನಗೆ ನಾಚಿಕೆ, ಅಂಗಡಿಯವನಿಗೆ ನಗು. ತಿಣುಕದೆ ಎಳೆದು, ಉಸಿರು ಹಿಡಿದು, ಹಾಗೇ ನಿಧಾನ ಇಳಿಸಿದ್ದು ಒಂದೇ ಒಂದು. ಮಾವನವರು, "ಇಕಿ ಎಳದದ್ದ ನಿನಗ ಸಾಕು," ಎಂದು ಅದನ್ನು ಮಗನ ಕೈಗೆ ಕೊಟ್ಟರು. ಮಗ ಅಂಕಿ ಯಾವುದೆಂದು ನೋಡಲೂ ಇಲ್ಲ.

ನಮ್ಮವರು ಬೇಟೆಗೆ ಮತ್ತೆ ಹೋಗಲಿಲ್ಲ. ಸಂಜೆ ಹುಲ್ಲಿನ ಪೆಂಡಿಗೆ ಬಾಣ ಬಿಡುವುದನ್ನು ಮಾತ್ರ ಬಿಡಲಿಲ್ಲ. ಮಾವನವರು ತೀರಿಕೊಂಡು ಎಷ್ಟೋ ಕಾಲವಾಯಿತು. ಪ್ರತಿ ದಸರೆಗೆ, ಕುಂಕುಮ ಹಚ್ಚುವ ಮೊದಲು, ನಮ್ಮವರು ಬಿಲ್ಲನ್ನು ನನ್ನ ಕೈಗೆ ಕೊಟ್ಟು "ಎಳಿ" ಎನ್ನುತ್ತಾರೆ. ನಾನು ಎಳೆದು, ಹಿಡಿದು, ಇಳಿಸುತ್ತೇನೆ. ಆಮೇಲೆ ಪೂಜೆ.

ಈ ಸಲವೂ ಕೊಟ್ಟರು. ಬಾಗಿಲಾಚೆ ಅದೇ ಗಾಳಿ. ಹೆದೆ ಅರ್ಧ ಬಂತು, ಅಲ್ಲಿಗೆ ನಿಂತಿತು. ನನ್ನ ಮೊಣಕೈ ನಡುಗುತ್ತಿತ್ತು. ವಯಸ್ಸಾಯಿತಲ್ಲ, ಅದಕ್ಕೇನು. ಆದರೂ ಆ ನಡುಕ ನೋಡಿ ನಮ್ಮವರ ಮುಖ ಬಿಳಿಚಿಕೊಂಡಿತು. ಎರಡೂ ಕೈ ಹಾಕಿ ಬಿಲ್ಲನ್ನು ಮೆಲ್ಲಗೆ ತೆಗೆದುಕೊಂಡರು.

"ಕೊಡ್ರಿ, ಇನ್ನೊಂದ ಸಲ ನೋಡತೀನಿ," ಎಂದೆ.

"ಬ್ಯಾಡ."

"ನಿಮ್ಮ ಕೈಗೆ ಸರಿ ಅದ ಅಲ್ಲ? ನನಗ ಆಗ್ಲಿಲ್ಲಂದ್ರ ಏನಾತು?"

ಅವರು ಹೆದೆ ಇಳಿಸಿ ಬಿಲ್ಲನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಮೊಳೆಗೆ ತೂಗುಹಾಕಿದ್ದ ಕಾರಿನ ಕೀಲಿ ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಈಗಲೂ ಅಷ್ಟು ಎತ್ತರಕ್ಕೆ ಏಳುವುದಿಲ್ಲ.

"ಇದಕ್ಕಿಂತ ಹಗೂರದ್ದು ತರೋಣು," ಎಂದರು. "ಅಂಗಡಿ ಮುಚ್ಚೂದ್ರಾಗ ಹೋಗಿ ಬರೋಣು, ನಡಿ."